ಏಳು ತಟ್ಟೆ, ಒಂದು ಡಬ್ಬಿ

"ದಾದಿ, ಚೀಲದಲ್ಲಿ ಏನಿದೆ?"

ಅರ್ಜೂ ಗಾಜಿನ ಬಾಗಿಲಿಗೆ ಅಡ್ಡ ನಿಂತು ಕೇಳಿದಳು. ಅವಳ ಅಜ್ಜಿ, ಅಂದರೆ ಮನೆಯವರೆಲ್ಲರ ದಾದಿ, ಕೇಳಿಸದವಳ ಹಾಗೆ ಹೈವೇ ಕಡೆ ನೋಡುತ್ತಾ ನಿಂತಳು.

"ದಾದಿ!"

"ಕನ್ನಡಕ. ಕರ್ಚೀಫು. ತಸ್ಬೀ ಮಣಿ. ಮುದುಕಿ ಚೀಲದಲ್ಲಿ ಇನ್ನೇನಿರತ್ತೆ?"

"ಮತ್ತೆ ಆ ರೌಂಡಾಗಿ ಉಬ್ಬಿರೋದು?"

ದಾದಿ ಚೀಲವನ್ನು ಸೆರಗಿನ ಒಳಗೆ ಎಳೆದುಕೊಂಡಳು. ಅಷ್ಟು ಸಾಕಾಯಿತು. ಅದು ದಾದಿಯ ಸ್ಟೀಲ್ ಡಬ್ಬಿಯೇ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ 'ಹಾಜಿರಾಬಿ, ಗುಬ್ಬಿ' ಎಂದು ಹೆಸರು ಕೊರೆಸಿದ್ದ ಡಬ್ಬಿ. ದಾದಿಯ ತವರು ಗುಬ್ಬಿ. ಅಲ್ಲಿಂದ ಬಂದ ಕೊಬ್ಬರಿಯಲ್ಲಿ ಅವಳು ನಿನ್ನೆ ಮಿಠಾಯಿ ಮಾಡಿದ್ದು ಅರ್ಜೂಗೆ ಗೊತ್ತಿತ್ತು.

"ಬೋರ್ಡ್ ಓದ್ತೀನಿ ಕೇಳು," ಎಂದು ಅರ್ಜೂ ಬಾಗಿಲ ಮೇಲಿದ್ದುದನ್ನು ಗಟ್ಟಿಯಾಗಿ ಓದಿದಳು. "ಹೊರಗಿನ ತಿಂಡಿ ತಿನಿಸು ಒಳಗೆ ತರುವಂತಿಲ್ಲ."

"ಅದು ಹೊರಗಿನದಲ್ಲ, ಮನೇದು."

"ದಾದಿ, ಪ್ಲೀಸ್. ಇದು ಫೈನ್ ಡೈನಿಂಗ್!"

"ಏನಾದ್ರೂ ಆಗ್ಲಿ. ನನ್ನ ದೊಡ್ಡ ಮೊಮ್ಮಗಳು ಮೂರು ತಿಂಗಳಿಂದ ರಾತ್ರಿ ನಮ್ ಜೊತೆ ಕೂತು ಉಂಡಿಲ್ಲ. ಅವಳಿಗೆ ಅಂತ ತಂದಿದೀನಿ."

"ಸರಿ, ಚೀಲದಿಂದ ಆಚೆ ತೆಗೀಬಾರ್ದು. ಪ್ರಾಮಿಸ್?"

"ಆಯ್ತು ಹೋಗೇ," ಎಂದಳು ದಾದಿ. ಅದು ಪ್ರಾಮಿಸ್ ಹೌದೋ ಅಲ್ಲವೋ ಎಂದು ಅರ್ಜೂ ಯೋಚಿಸುವಷ್ಟರಲ್ಲಿ, ಅಮ್ಮಿಯ ಜೊತೆ ಹಿಂದೆ ಬಂದ ಅವಳ ಅಪ್ಪ, ಅಬ್ಬಾ, ಬಾಗಿಲು ತಳ್ಳಿಬಿಟ್ಟರು.

ಹೋಟೆಲಿನ ಹೆಸರೇ 'ಏಳು ತಟ್ಟೆ'. ಊರಂಚಿನ ಬಟವಾಡಿ ದಾಟಿ ಹೈವೇ ಪಕ್ಕದಲ್ಲಿ ಹೊಸದಾಗಿ ತೆರೆದಿದ್ದರು. ಅಲ್ಲಿ ಮೆನು ನೋಡಿ ಬೇಕಾದ್ದು ಕೇಳುವಂತಿಲ್ಲ. ಒಂದರ ಹಿಂದೆ ಒಂದು, ಏಳು ಸಣ್ಣ ಊಟ ತಾವೇ ತಂದುಕೊಡುತ್ತಾರೆ. ಅರ್ಜೂಳ ಅಕ್ಕ ಅಂಬ್ರೀನ್ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಇದೇ ಅಡುಗೆಮನೆಗೆ ಟ್ರೈನಿಯಾಗಿ ಸೇರಿದ್ದಳು. ಕೆಲಸದವರು ಒಂದು ಸಲ ತಮ್ಮ ಮನೆಯವರನ್ನು ಊಟಕ್ಕೆ ಕರೆಯಬಹುದಿತ್ತು. ಇವತ್ತು ಅಂಬ್ರೀನ್ ಸರದಿ.

ತಿನ್ನುವ ವಿಷಯದಲ್ಲಿ ಅರ್ಜೂ ಎತ್ತಿದ ಕೈ. ಓದುತ್ತಿದ್ದದ್ದು ಐದನೇ ಕ್ಲಾಸು. ಆದರೆ ತಮ್ಮ ಮನೆಯಿರುವ ಮರಳೂರಿನಿಂದ ಬಟವಾಡಿವರೆಗೆ ಯಾವ ಗಾಡಿಯ ಪಾನಿಪುರಿಯಲ್ಲಿ ಹುಳಿ ಹದವಾಗಿರುತ್ತದೆ, ಯಾವ ಬೇಕರಿಯ ಪಫ್ಸ್ ನಿನ್ನೆಯದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ತಿಂದದ್ದಕ್ಕೆಲ್ಲ ಮಾರ್ಕ್ಸ್ ಬೇರೆ ಕೊಡುತ್ತಿದ್ದಳು. ಕ್ಲಾಸಿನಲ್ಲಿ ಗೆಳತಿ ದೀಪಿಕಾ ಡಬ್ಬಿ ತೆರೆದರೆ ಮೊದಲ ತುತ್ತು ಅರ್ಜೂಗೆ. "ಚಿತ್ರಾನ್ನ, ಹತ್ತಕ್ಕೆ ಎಂಟು. ನಿಂಬೆಹಣ್ಣು ಸ್ವಲ್ಪ ಜಾಸ್ತಿ," ಎನ್ನುತ್ತಿದ್ದಳು. ಅವಳ ಮಾರ್ಕ್ಸಿಗೆ ಯಾರೂ ಎದುರಾಡುತ್ತಿರಲಿಲ್ಲ.

ಮನೆಯ ಅಡುಗೆಗೆ ಮಾತ್ರ ಅವಳು ಬಲು ಬಿಗಿ. ಅದರಲ್ಲೂ ದಾದಿಯ ದಾಲ್ಚಾಗೆ. ದಾಲ್ಚಾ ಅಂದರೆ ಬೇಳೆ, ಸೋರೆಕಾಯಿ, ಹುಣಸೆಹುಳಿ ಹಾಕಿ ಮಾಡುವ ಸಾರು. ದಾದಿ ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕುವಾಗ ಎಲ್ಲರಿಗಿಂತ ಒಂದು ನಿಮಿಷ ಹೆಚ್ಚೇ ಹುರಿಯುತ್ತಿದ್ದಳು. ಮನೆಯೆಲ್ಲ ಘಾಟು. "ಹತ್ತಕ್ಕೆ ನಾಲ್ಕು! ಬೆಳ್ಳುಳ್ಳಿ ಸೀದಿದೆ!" ಎಂದು ಅರ್ಜೂ ಪ್ರತಿ ಸಲವೂ ಕೂಗುತ್ತಿದ್ದಳು. "ಬಾಯ್ಮುಚ್ಕೊಂಡು ತಿನ್ನೇ," ಎಂದು ದಾದಿಯೂ ಪ್ರತಿ ಸಲ ಹೇಳುತ್ತಿದ್ದಳು. ಆ ಮನೆಯಲ್ಲಿ ಮಾತಿಗೆ ಉರ್ದು, ಅಂಗಡಿಗೆ ಕನ್ನಡ, ಜಗಳಕ್ಕೆ ಎರಡೂ.

ಇವತ್ತು ಬೆಳಿಗ್ಗೆ ಅರ್ಜೂಗೆ ಜಡೆ ಹಾಕುತ್ತಾ ಅಂಬ್ರೀನ್ ಆಪಾ ಒಂದು ಗುಟ್ಟು ಹೇಳಿದ್ದಳು.

"ಈವತ್ತಿನ ಏಳರಲ್ಲಿ ಒಂದು ನಂದು ಕಣೇ. ಪೂರ್ತಿ ನಾನೇ ಯೋಚ್ನೆ ಮಾಡಿ ಮಾಡಿರೋದು."

"ಯಾವ್ದು? ಯಾವ್ದು?"

"ಹೇಳಲ್ಲ. ದೊಡ್ಡ ಎಕ್ಸ್‌ಪರ್ಟ್ ಅಲ್ವಾ, ತಿಂದು ಕಂಡುಹಿಡಿ." ಆಮೇಲೆ ಆಪಾಳ ದನಿ ಸಣ್ಣದಾಯಿತು. "ನಮ್ ಚೆಫ್ ಇದಾರಲ್ಲ, ಉದಯಕುಮಾರ್ ಸರ್, ಅವ್ರು ಪಾತ್ರೆ ತೊಳೆಯೋ ಕಡೆ ನಿಂತ್ಕೊಂಡು ವಾಪಸ್ ಬರೋ ತಟ್ಟೆಗಳನ್ನ ನೋಡ್ತಾರೆ. ಹೊಸ ಐಟಂ ಆದ್ರೆ ತಟ್ಟೆಗಳು ಖಾಲಿ ಬರ್ಬೇಕು. ಬಂದ್ರೆ ಮೆನುಗೆ ಸೇರತ್ತೆ. ಉಳಿಸಿ ಕಳಿಸಿದ್ರೆ ಔಟ್. ಬಾಯಲ್ಲಿ ಎಲ್ರೂ ಸೂಪರ್ ಅಂತಾರೆ, ನಾನು ತಟ್ಟೇನೇ ಕೇಳೋದು ಅಂತಾರೆ."

"ಕಷ್ಟ ಆಪಾ."

"ಹೋದ ತಿಂಗಳು ಒಂದು ಮಾಡಿದ್ದೆ. ಔಟಾಯ್ತು. ಇದೂ ಹೋದ್ರೆ ಮತ್ತೆ ಈರುಳ್ಳಿ ಹೆಚ್ಚೋದೇ." ಆಪಾ ಜಡೆಗೆ ರಿಬ್ಬನ್ ಬಿಗಿದಳು. "ಮನೇಲಿ ಯಾರ್ಗೂ ಹೇಳ್ಬೇಡ. ಅಮ್ಮಿಗೆ ಗೊತ್ತಾದ್ರೆ ಚೆನ್ನಾಗಿರ್ಲಿ ಬಿಡ್ಲಿ, ತಟ್ಟೆ ಸಮೇತ ತಿಂದ್ಬಿಡ್ತಾಳೆ. ಅದು ಮೋಸ ಆಗತ್ತೆ."

ಗುಟ್ಟು ಇಟ್ಟುಕೊಳ್ಳುವುದು ಅರ್ಜೂಗೆ ಬಿಸಿ ಬಜ್ಜಿ ಬಾಯಲ್ಲಿಟ್ಟುಕೊಂಡ ಹಾಗೆ. ಆದರೂ ಇಡೀ ದಿನ ಯಾರಿಗೂ ಹೇಳಲಿಲ್ಲ.

ಒಳಗೆ ದೀಪಗಳು ಮಂಕಾಗಿದ್ದವು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬಿಳಿ ಬಟ್ಟೆ ಹಾಸಿದ ಟೇಬಲ್ಲಿನ ಹತ್ತಿರ ಒಬ್ಬ ವೇಟರ್ ಕುರ್ಚಿ ಎಳೆದು ನಿಂತಿದ್ದ. ಅವನ ಎದೆಯ ಮೇಲೆ 'ಬಸವರಾಜ್' ಎಂದು ಬರೆದ ಪಟ್ಟಿ ಇತ್ತು.

"ಗುಡ್ ಈವ್ನಿಂಗ್ ಮೇಡಂ," ಎಂದ ಅವನು ದಾದಿಗೆ.

ದಾದಿ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ತನಗೇ ಹೇಳಿದ್ದು ಎಂದು ಗೊತ್ತಾದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಅಬ್ಬಾ, ಅಂದರೆ ಮುನಾವರ್ ಪಾಷಾ, ಬಟವಾಡಿಯಲ್ಲಿ ಬೈಕ್ ಮತ್ತು ಆಟೋಗಳಿಗೆ ಸೀಟ್ ಕವರ್ ಹೊಲಿಯುವವರು. ಅವರು ಕೂರುವ ಮೊದಲು ಕುರ್ಚಿಯ ಸೀಟನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು. "ಫೋಮ್ ಒಳ್ಳೇದೇ ಹಾಕವ್ರೆ. ಹೊಲಿಗೆ ಮಾತ್ರ ಸೊಟ್ಟ."

"ಅಬ್ಬಾ, ಶ್! ನಾನು ಹೇಳ್ಕೊಟ್ಟಿದ್ದು ನೆನಪಿದ್ಯಾ?"

ಒಂದು ವಾರದಿಂದ ಅರ್ಜೂ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮನೆಯವರಿಗೆಲ್ಲ ಟ್ರೈನಿಂಗ್ ಕೊಟ್ಟಿದ್ದಳು. ನ್ಯಾಪ್‌ಕಿನ್ ತೊಡೆಯ ಮೇಲೆ. ತೇಗಬಾರದು. ವೇಟರನ್ನು 'ಅಣ್ಣಾ' ಎಂದು ಕೂಗಬಾರದು. ಊಟದ ಮಧ್ಯೆ ಎದ್ದು ಓಡಾಡಲೇಬಾರದು. ಮುಳ್ಳುಚಮಚ ಎಡಗೈಲಿ, ಚಾಕು ಬಲಗೈಲಿ ಎಂದಾಗ ದಾದಿ, "ಎಡಗೈಲಿ ಊಟನಾ? ತೌಬಾ ತೌಬಾ!" ಎಂದು ಕೆನ್ನೆ ಬಡಿದುಕೊಂಡಿದ್ದಳು. ಕೊನೆಗೆ ನಮ್ಮ ಮನೆಯವರು ಉಲ್ಟಾ ಹಿಡಿಯಬಹುದು ಎಂದು ತೀರ್ಮಾನವಾಗಿತ್ತು.

"ಉಸಿರಾಡ್ಬೋದಾ ಮೇಡಂ?" ಎಂದು ಅಬ್ಬಾ ಈಗ ಪಿಸುಗುಟ್ಟಿದರು. ಅಮ್ಮಿ ನ್ಯಾಪ್‌ಕಿನ್ನಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಮೊದಲ ತಟ್ಟೆ ಬಂತು. ತಟ್ಟೆ ದೊಡ್ಡದು, ಮಧ್ಯದಲ್ಲಿ ಒಂದೇ ಒಂದು ಪುಟ್ಟ ಪೂರಿ. ಅದರೊಳಗೆ ಹಸಿರು ನೀರು.

ಅಬ್ಬಾ ತಟ್ಟೆಯ ಅಂಚನ್ನೆಲ್ಲ ನೋಡಿದರು. "ಬಾಕಿದು ಹಿಂದೆ ಬರತ್ತಾ?"

ದಾದಿ ಬಿಸ್ಮಿಲ್ಲಾ ಹೇಳಿ ಮೊದಲು ಬಾಯಿಗೆ ಹಾಕಿದಳು. ಅವಳು ಶುರು ಮಾಡಿದ ಮೇಲೆ ಉಳಿದವರು. ಅರ್ಜೂ ಪೂರಿಯನ್ನು ಕಚ್ಚಿದಳು. ಮಾವಿನಕಾಯಿಯ ಹುಳಿ ಮೊದಲು ಬಂತು, ಆಮೇಲೆ ಪುದೀನ, ಕೊನೆಗೆ ಎಲ್ಲಿಂದಲೋ ಸಣ್ಣಗೆ ಶುಂಠಿ. ಅವಳ ಕಣ್ಣು ತಾನೇ ಮುಚ್ಚಿಕೊಂಡಿತು. ಇಷ್ಟು ವರ್ಷ ತಿಂದ ಪಾನಿಪುರಿಗಳೆಲ್ಲ ಒಟ್ಟಿಗೇ ಗಲಾಟೆ ಮಾಡುತ್ತಿದ್ದವು. ಇದು ಸರದಿ ಪ್ರಕಾರ ಮಾತಾಡಿತು. 'ಒಂಬತ್ತು,' ಎಂದು ಮನಸ್ಸಿನಲ್ಲೇ ಕೊಟ್ಟಳು. ಆದರೆ ಇದು ಆಪಾಳದ್ದಲ್ಲ ಅನ್ನಿಸಿತು.

ಆಮೇಲೆ ಒಂದು ಬಟ್ಟಲಲ್ಲಿ ನಾಲ್ಕು ಗುಟುಕು ಟೊಮೇಟೊ ಸಾರು. ಎಂಟೂವರೆ. ಅದರ ಹಿಂದೆ ತಟ್ಟೆ ಇಡ್ಲಿ. ಆದರೆ ಅದು ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

"ಅಷ್ಟಗಲ ಇಡ್ಲಿ ಮಾಡೋ ಕ್ಯಾತ್ಸಂದ್ರದೋರು ಇದನ್ನ ನೋಡಿದ್ರೆ ಅತ್ತೇ ಬಿಡ್ತಾರೆ," ಎಂದರು ಅಬ್ಬಾ. ಆದರೂ ತಿಂದ ಮೇಲೆ, "ಆಹಾ," ಎಂದು ಸುಮ್ಮನಾದರು. ಅಬ್ಬಾ ಅಷ್ಟು ಬೇಗ ಸುಮ್ಮನಾಗುವ ಪೈಕಿಯೇ ಅಲ್ಲ.

ಮೂರೂ ಚೆನ್ನಾಗಿದ್ದವು, ಮೂರರಲ್ಲೂ ಆಪಾ ಸಿಗಲಿಲ್ಲ. ಅರ್ಜೂಗೆ ಒಳಗೊಳಗೇ ಹೆದರಿಕೆಯಾಯಿತು. ಗೊತ್ತಾಗದೇ ಹೋದರೆ? ಊರಿಗೆಲ್ಲ ಮಾರ್ಕ್ಸ್ ಕೊಡುವವಳಿಗೆ ಸ್ವಂತ ಅಕ್ಕನ ಅಡುಗೆ ಗುರುತು ಹಿಡಿಯಲು ಬರಲಿಲ್ಲ ಅಂದರೆ?

ನಾಲ್ಕನೇ ತಟ್ಟೆ ಬಂತು. ಅದರಲ್ಲಿ ದುಂಡಗೆ ಕತ್ತರಿಸಿದ ಬಿಳಿ ತುಂಡೊಂದು, ಸುತ್ತ ಹಳದಿ ರಸ, ಮೇಲೆ ತೆಳ್ಳಗಿನ ರಾಗಿ ಹಪ್ಪಳದ ಚೂರು. ನೋಡಲು ಯಾವುದೋ ದೂರದ ದೇಶದ್ದು. ಅರ್ಜೂ ಸ್ವಲ್ಪ ತೆಗೆದು ಬಾಯಲ್ಲಿಟ್ಟಳು.

ಹುಣಸೆಹುಳಿ. ಮೆತ್ತಗೆ ಬೆಂದ ಸೋರೆಕಾಯಿ. ಬೇಳೆ. ಎಲ್ಲಕ್ಕಿಂತ ಹಿಂದೆ, ಇನ್ನೇನು ಸೀದೇ ಹೋಯಿತು ಅನ್ನುವಷ್ಟರಲ್ಲಿ ನಿಂತ ಬೆಳ್ಳುಳ್ಳಿ.

ಅರ್ಜೂಳ ಚಮಚ ಗಾಳಿಯಲ್ಲೇ ನಿಂತಿತು. ಕಣ್ಣೆದುರು ಬಿಳಿ ಟೇಬಲ್ ಬಟ್ಟೆ ಇತ್ತು, ಬಾಯೊಳಗೆ ಮಾತ್ರ ಮರಳೂರಿನ ಮನೆ. ಶುಕ್ರವಾರದ ಮಧ್ಯಾಹ್ನ. ಊಟಕ್ಕೆಂದು ನೆಲದ ಮೇಲೆ ಹಾಸಿದ ದಸ್ತರ್‌ಖಾನ್ ಬಟ್ಟೆ. ಘಾಟಿಗೆ ಸೀನುವ ಅಬ್ಬಾ. 'ಇದೇ! ಇದೇ ಆಪಾದು!' ಎಂದು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಮಾರ್ಕ್ಸ್ ಕೊಡುವುದೂ ಮರೆತುಹೋಯಿತು. ಗಬಗಬ ತಿಂದು, ಕೊನೆಗೆ ಉಳಿದ ರಸವನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಟ್ರೈನಿಂಗ್ ಕೊಟ್ಟವಳೇ ಹಾಗೆ ಮಾಡಿದ ಮೇಲೆ ಕೇಳಬೇಕೆ, ಎಲ್ಲರೂ ಬೆರಳು ಹಾಕಿದರು. ನಾಲ್ಕೂ ತಟ್ಟೆ ತೊಳೆದಿಟ್ಟಷ್ಟು ಖಾಲಿ.

ಪಾಸ್! ಅರ್ಜೂ ಕುರ್ಚಿಯಲ್ಲೇ ಕಾಲು ಕುಣಿಸಿದಳು. ಅಡುಗೆಮನೆಯ ಬಾಗಿಲಲ್ಲಿದ್ದ ದುಂಡನೆಯ ಗಾಜಿನಲ್ಲಿ ಆಪಾಳ ಮುಖ ಕಾಣುತ್ತದೇನೋ ಎಂದು ಕತ್ತು ಉದ್ದ ಮಾಡಿ ನೋಡಿದಳು. ಕಾಣಲಿಲ್ಲ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಬಸವರಾಜ್ ತಟ್ಟೆಗಳನ್ನು ತೆಗೆಯುತ್ತಾ ತಡವರಿಸುತ್ತಿದ್ದ.

"ಅಜ್ಜಿ, ಇದು..."

"ತಗೊಂಡ್ಹೋಗಪ್ಪ, ತಗೊಂಡ್ಹೋಗು," ಎನ್ನುತ್ತಿದ್ದಳು ದಾದಿ. ಅವಳ ಮಡಿಲಲ್ಲಿ ಡಬ್ಬಿ ಬಾಯಿ ತೆರೆದುಕೊಂಡಿತ್ತು. ನಾಲ್ಕು ತಟ್ಟೆಗಳಲ್ಲೂ ಒಂದೊಂದು ಬಿಳಿ ಕೊಬ್ಬರಿ ಮಿಠಾಯಿ ಕೂತಿತ್ತು.

ಬಸವರಾಜ್ ತಟ್ಟೆಗಳನ್ನು ಹಾಗೇ ಎತ್ತಿಕೊಂಡು ಅಡುಗೆಮನೆಯತ್ತ ಹೊರಟೇಬಿಟ್ಟ.

"ದಾದಿ! ಏನ್ ಮಾಡ್ದೆ ನೀನು? ತೆಗಿಯಲ್ಲ ಅಂತ ಪ್ರಾಮಿಸ್ ಮಾಡಿದ್ದೆ!"

"ಆಗ ನಂಗೇನು ಗೊತ್ತಿತ್ತು?" ದಾದಿಯ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಆ ಮೂರು ಹೋಟ್ಲು ತಟ್ಟೆ. ಖಾಲಿ ಹೋದ್ರೆ ಹೋಗ್ಲಿ. ಇದು ನನ್ನ ಅಂಬ್ರೀನ್ ಕೈದು. ನಂಗೆ ಗೊತ್ತಾಗಲ್ವಾ? ಮನೆ ಹುಡುಗಿ ಮಾಡಿ ಕಳ್ಸಿರೋ ತಟ್ಟೇನ ಯಾರಾದ್ರೂ ಖಾಲಿ ವಾಪಸ್ ಕಳಿಸ್ತಾರಾ?"

ಅರ್ಜೂ ತಿರುಗಿ ಅಡುಗೆಮನೆಯ ಬಾಗಿಲು ನೋಡಿದಳು. ದಾದಿ ಹೇಳಿದ್ದು ಸುಳ್ಳಲ್ಲ. ಪಕ್ಕದ ಮನೆಯ ಸಿದ್ದಗಂಗಮ್ಮ ಹಬ್ಬಕ್ಕೆ ಹೋಳಿಗೆ ಕೊಟ್ಟರೆ ಆ ಬಟ್ಟಲು ಎರಡು ಬಾಳೆಹಣ್ಣಾದರೂ ಹೊತ್ತುಕೊಂಡೇ ಹೋಗುತ್ತಿತ್ತು. ಈದ್‌ಗೆ ಈ ಮನೆಯಿಂದ ಶೀರ್‌ಖುರ್ಮಾ ಪಾಯಸ ಹೋದರೆ ಆ ಬಟ್ಟಲೂ ಖಾಲಿ ಬರುತ್ತಿರಲಿಲ್ಲ. ಅದೆಷ್ಟು ಸಲ ಅರ್ಜೂನೇ ಹೊತ್ತುಕೊಂಡು ಹೋಗಿದ್ದಾಳೋ! ಆದರೆ ಅಲ್ಲಿ ಒಳಗೆ ಒಬ್ಬರು ತಟ್ಟೆ ನೋಡಲೆಂದೇ ನಿಂತಿದ್ದಾರೆ. ಏನಾದರೂ ಉಳಿದರೆ ಔಟ್. ಸೋರೆಕಾಯಿಯೂ ಬಿಳಿ, ಮಿಠಾಯಿಯೂ ಬಿಳಿ.

ಊಟದ ಮಧ್ಯೆ ಎದ್ದು ಓಡಾಡಲೇಬಾರದು ಎಂದು ಹೇಳಿಕೊಟ್ಟವಳು ಎದ್ದು ಓಡಿದಳು.

"ಅರ್ಜೂ! ಏ ಅರ್ಜೂ!" ಎಂದು ಅಮ್ಮಿ ಹಿಂದಿನಿಂದ ಕರೆದಳು. ಹೊಸ ಚಪ್ಪಲಿ ಆ ನುಣುಪು ನೆಲದ ಮೇಲೆ ಕಿರ್ರ್ ಕಿರ್ರ್ ಎಂದಿತು. ಎಲ್ಲ ಟೇಬಲ್ಲಿನವರೂ ತಿರುಗಿ ನೋಡಿದರು. ಅರ್ಜೂ ಎರಡೂ ಕೈಯಿಂದ ಅಡುಗೆಮನೆಯ ಬಾಗಿಲು ತಳ್ಳಿದಳು.

ಒಳಗೆ ಬಿಳಿ ಕೋಟಿನವರು ಏಳೆಂಟು ಜನ ಇದ್ದರು. ತೊಳೆಯುವ ತೊಟ್ಟಿಯ ಪಕ್ಕ ಎತ್ತರದ ಮನುಷ್ಯರೊಬ್ಬರು ಹುಬ್ಬು ಗಂಟು ಹಾಕಿಕೊಂಡು ದಾದಿಯ ತಟ್ಟೆಯನ್ನು ನೋಡುತ್ತಿದ್ದರು. ಅವರ ಹತ್ತಿರ ಆಪಾ ನಿಂತಿದ್ದಳು. ಅವಳ ಮುಖ ಕೋಟಿನಷ್ಟೇ ಬಿಳಿಚಿಕೊಂಡಿತ್ತು.

"ಅರ್ಜೂ!" ಎಂದಳು ಆಪಾ.

"ಸರ್, ಅದು ಬಿಟ್ಟಿದ್ದಲ್ಲ!" ಅರ್ಜೂ ಏದುಸಿರು ಬಿಡುತ್ತಿದ್ದಳು. "ತಟ್ಟೆ ಪೂರ್ತಿ ಖಾಲಿ ಆಗಿತ್ತು ಸರ್, ದೇವ್ರಾಣೆ. ಬೆರಳಲ್ಲಿ ನೆಕ್ಕಿದೀವಿ ನಾವೆಲ್ಲ. ಅದು ಕೊಬ್ಬರಿ ಮಿಠಾಯಿ. ನಮ್ ದಾದಿ ಇಟ್ಟಿದ್ದು."

ಚೆಫ್ ಉದಯಕುಮಾರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಹೊರಗಿನ ತಿಂಡಿ ತರಬಾರ್ದು ಅಂತ ಬೋರ್ಡ್ ಇದ್ಯಲ್ಲಮ್ಮ. ಓದ್ಲಿಲ್ವಾ?"

"ಓದಿದೆ ಸರ್. ದಾದಿಗೆ ಗಟ್ಟಿಯಾಗಿ ಓದಿ ಹೇಳಿದ್ದೂ ನಾನೇ."

"ಮತ್ತೆ?"

"ದಾದಿ ಕೇಳ್ಲಿಲ್ಲ."

ಯಾರೋ ಹಿಂದೆ ಕಿಸಕ್ಕೆಂದರು. ಅರ್ಜೂಗೆ ಅಳು ಬರುವ ಹಾಗಾಯಿತು. ಇಷ್ಟು ಹೊತ್ತು ಯಾರಿಗೂ ಕಾಣದಿರಲಿ ಎಂದು ಬಚ್ಚಿಟ್ಟ ಡಬ್ಬಿಯ ಸುದ್ದಿಯನ್ನು ಈಗ ತಾನೇ ಎಲ್ಲರ ಮುಂದೆ ಹೇಳಬೇಕಾಗಿತ್ತು. ಆದರೂ ನಿಲ್ಲಿಸಲಿಲ್ಲ.

"ನಮ್ಮನೇಲಿ ನಮ್ಮೋರು ಮಾಡಿ ಕಳ್ಸಿದ ತಟ್ಟೇನ ಖಾಲಿ ವಾಪಸ್ ಕಳ್ಸಲ್ಲ ಸರ್. ದಾದಿಗೆ ತಿಂದ ತಕ್ಷಣ ಇದು ಆಪಾ ಮಾಡಿದ್ದು ಅಂತ ಗೊತ್ತಾಯ್ತು. ಅದಕ್ಕೇ ಇಟ್ಳು. ನಿಮ್ ರೂಲ್ ಅವ್ಳಿಗೆ ಗೊತ್ತಿಲ್ಲ. ಆಪಾದು ಔಟ್ ಮಾಡ್ಬೇಡಿ."

ಚೆಫ್ ಮಿಠಾಯಿಯನ್ನು ಎತ್ತಿ ಮೂಸಿದರು. ಅರ್ಧ ಮುರಿದು ಬಾಯಿಗೆ ಹಾಕಿಕೊಂಡರು. ಇಡೀ ಅಡುಗೆಮನೆ ಕಾಯುತ್ತಿತ್ತು.

"ಈ ತಟ್ಟೆ ಸರಿ," ಎಂದರು. ಆಮೇಲೆ ಪಕ್ಕದ ಇನ್ನೊಂದು ತಟ್ಟೆಯತ್ತ ಕೈ ತೋರಿಸಿದರು. ಅದರಲ್ಲಿ ಸೋರೆಕಾಯಿ ಅರ್ಧಕ್ಕರ್ಧ ಹಾಗೇ ಇತ್ತು. "ಇದು ಮೂಲೆ ಟೇಬಲ್‌ದು. ಬೆಳ್ಳುಳ್ಳಿ ಸೀದೋಗಿದೆ ಅಂತ ಬಿಟ್ಟವ್ರೆ. ನಿಂಗೇನನ್ಸುತ್ತೆ? ಅಕ್ಕ ಅಂತ ಹೇಳ್ಬೇಡ. ನಿಜ ಹೇಳು."

ಅರ್ಜೂ ಆಪಾಳತ್ತ ನೋಡಲಿಲ್ಲ. ನೆಲ ನೋಡಿದಳು.

"ನಾನೂ ಮನೇಲಿ ಪ್ರತಿ ಸಲ ಹಂಗೇ ಅಂತೀನಿ ಸರ್. ಸೀದಿದೆ ಅಂತ. ದಾದಿಗೆ ಹತ್ತಕ್ಕೆ ನಾಲ್ಕೇ ಮಾರ್ಕ್ಸ್ ಕೊಡ್ತೀನಿ." ಅವಳು ತಲೆ ಎತ್ತಿದಳು. "ಆದ್ರೆ ಅದು ಸೀದಿಲ್ಲ. ಸೀಯೋಕ್ ಮುಂಚೆ ನಿಲ್ಸಿದಾರೆ. ಮಿಕ್ಕಿದ್ ಮೂರು ತುಂಬಾ ಚೆನ್ನಾಗಿತ್ತು ಸರ್, ಆದ್ರೆ ಯಾರ್ ಮಾಡಿದ್ದು ಅಂತ ನಂಗೆ ಗೊತ್ತಾಗ್ಲಿಲ್ಲ. ಇದು ಗೊತ್ತಾಯ್ತು. ಬೆಳ್ಳುಳ್ಳಿ ಹಂಗಿಲ್ದೆ ಇದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಚೆಫ್ ಉಳಿದರ್ಧ ಮಿಠಾಯಿಯನ್ನು ಆಪಾಳ ಕೈಗೆ ಕೊಟ್ಟು, "ನಡಿಯಮ್ಮ, ನಿಮ್ ದಾದಿ ಹತ್ರ ಹೋಗೋಣ," ಎಂದರು.

ಚೆಫ್ ಬರುವುದನ್ನು ನೋಡಿ ದಾದಿ ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈಯಿಟ್ಟು ಜಗಳಕ್ಕೆ ತಯಾರಾಗಿ ಕೂತಳು.

"ಬೈಯೋದಾದ್ರೆ ನನ್ನ ಬೈಯಪ್ಪ. ಮಗೂಗೇನೂ ಅನ್ಬೇಡ."

"ಬೈಯೋಕಲ್ಲಜ್ಜಿ. ನಮ್ದೂ ಇಲ್ಲೇ ಕುಣಿಗಲ್. ನಮ್ಮಮ್ಮನೂ ಅಷ್ಟೇ, ಮನೇಲಿ ಏನೂ ಇಲ್ಲ ಅಂದ್ರೆ ಪಾತ್ರೆಗೆ ಒಂದು ಚಿಟಿಕೆ ಸಕ್ಕರೆ ಹಾಕಾದ್ರೂ ಕಳ್ಸೋರು." ಚೆಫ್ ಡಬ್ಬಿಯ ಕಡೆ ನೋಡಿದರು. "ಇನ್ನೂ ಇದ್ಯಾ ಅದ್ರಲ್ಲಿ? ಒಳಗೆ ಹುಡುಗ್ರೆಲ್ಲ ಆಸೆ ಪಡ್ತಾವ್ರೆ."

ದಾದಿಯ ಮುಖ ಅರಳಿತು. "ತಗೋ, ಡಬ್ಬೀನೇ ತಗೊಂಡ್ಹೋಗು. ಮುಚ್ಚಳ ಜೋಪಾನ, ಹೆಸರು ಹಾಕ್ಸಿದೀನಿ."

ಚೆಫ್ ಹಿಂದೆ ಆಪಾ ನಿಂತಿದ್ದಳು. ಬಿಳಿ ಕೋಟು, ತಲೆಗೆ ಬಿಗಿಯಾದ ಕಪ್ಪು ಸ್ಕಾರ್ಫ್, ಕೋಟಿನ ಮೇಲೆ ಅವಳ ಹೆಸರು. ಮನೆಯಲ್ಲಿ ಯಾರೂ ಅವಳನ್ನು ಆ ಬಟ್ಟೆಯಲ್ಲಿ ನೋಡಿರಲಿಲ್ಲ.

ಅಬ್ಬಾ ನಿಧಾನವಾಗಿ ಕುರ್ಚಿಯಿಂದ ಎದ್ದು ನಿಂತರು. ಅಂಗಡಿಗೆ ಎಂಥ ದೊಡ್ಡ ಗಿರಾಕಿ ಕಾರಿನಲ್ಲಿ ಬಂದರೂ ಅವರು ಹೊಲಿಗೆ ಮೆಷಿನ್ ಬಿಟ್ಟು ಏಳುವವರಲ್ಲ. ಈಗ ಮಗಳ ಎದುರು ಎದ್ದು ನಿಂತು, ಏನು ಮಾಡುವುದೆಂದು ತಿಳಿಯದೆ, ಪಕ್ಕದಲ್ಲಿದ್ದ ಬಸವರಾಜನಿಗೆ ಹೇಳಿದರು. "ನಮ್ ಮಗ್ಳು." ಬಸವರಾಜನಿಗೆ ಅವಳು ದಿನಾ ಕಾಣುವವಳೇ. ಆದರೂ ಅವನು, "ಹೌದಾ ಸರ್!" ಎಂದು ತಲೆಯಾಡಿಸಿದ. ಅಬ್ಬಾ ಆಚೆ ಟೇಬಲ್ಲಿನವರಿಗೂ ಹೇಳಿದರು. "ನಾಲ್ಕನೇದು ನಮ್ ಮಗ್ಳು ಮಾಡಿದ್ದು." ಗಟ್ಟಿಯಾಗಿ ಮಾತಾಡಬಾರದು ಎಂದು ಅರ್ಜೂ ಅವರಿಗೆ ನೆನಪು ಮಾಡಲಿಲ್ಲ. ಅವಳು ಹೋಗಿ ಆಪಾಳ ಪಕ್ಕದಲ್ಲಿ ನಿಂತಳು.

ಐದು, ಆರು, ಏಳನೇ ತಟ್ಟೆಗಳೂ ಬಂದವು. ಅವೂ ಚೆನ್ನಾಗಿದ್ದವು. ಏಳರ ಮೇಲೆ ಎಂಟನೆಯದೊಂದು ತಟ್ಟೆಯಲ್ಲಿ ಚೆಫ್ ದಾದಿಗೆಂದೇ ಹಲ್ವಾ ಕಳಿಸಿದರು. ಹಲ್ವಾ ಮುಗಿದ ಮೇಲೆ ದಾದಿ ಖಾಲಿ ತಟ್ಟೆ ನೋಡಿ ಚೀಲದೊಳಗೆ ಕೈ ಹಾಕಿ ಹುಡುಕತೊಡಗಿದಳು.

"ಸಾಕು ಅಮ್ಮಾ," ಎಂದರು ಅಬ್ಬಾ. "ಹಿಂಗೇ ಆದ್ರೆ ಬೆಳಗಾದ್ರೂ ನಾವು ಮನೆಗೆ ಹೋಗಲ್ಲ."

ಅಡುಗೆಯ ತೀರ್ಪು ಮಾತ್ರ ಆವತ್ತು ಬರಲಿಲ್ಲ. ಇನ್ನೂ ನಾಲ್ಕಾರು ದಿನ ತಟ್ಟೆಗಳನ್ನು ನೋಡಿ ಹೇಳುತ್ತೇನೆ ಎಂದರಂತೆ ಚೆಫ್. ಡಬ್ಬಿಯೂ ಬರಲಿಲ್ಲ. ದಿನಾ ಬೆಳಿಗ್ಗೆ ಅಂಬ್ರೀನ್ ಎದ್ದ ಕೂಡಲೇ ಮನೆಯಲ್ಲಿ ಎರಡು ಪ್ರಶ್ನೆ. "ಪಾಸಾಯ್ತಾ?" ಎಂದು ಅರ್ಜೂ. "ಡಬ್ಬಿ ಎಲ್ಲಿ?" ಎಂದು ದಾದಿ. ಆಪಾ ತಲೆ ಅಲ್ಲಾಡಿಸಿ ಮುಖ ತೊಳೆಯಲು ಹೋಗಿಬಿಡುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಅರ್ಜೂ ಸ್ಕೂಲಿನಿಂದ ಬಂದು ಬ್ಯಾಗ್ ಎಸೆಯುವಷ್ಟರಲ್ಲಿ ಆಪಾ ಕೋಣೆಯಿಂದ ಹೊರಗೆ ಬಂದಳು. ಅವಳ ಎರಡೂ ಕೈ ಬೆನ್ನ ಹಿಂದಿತ್ತು.

"ನಾಳೆಯಿಂದ ಮೆನುವಲ್ಲಿದೆ ಕಣೇ," ಎಂದಳು. "ಮೂಲೆ ಟೇಬಲ್ ತರ ಇನ್ನೂ ಇಬ್ರು ಬಿಟ್ರಂತೆ. ಬಿಟ್ಟೋರು ಬಿಡ್ಲಿ, ಬೆಳ್ಳುಳ್ಳಿ ಹಂಗೇ ಇರ್ಲಿ ಅಂದ್ರು ಸರ್."

ಅರ್ಜೂ ಕಿರುಚುವುದಕ್ಕೆ ಬಾಯಿ ತೆರೆದಳು. ಆಪಾ ಬೆನ್ನ ಹಿಂದಿನಿಂದ ಸ್ಟೀಲ್ ಡಬ್ಬಿ ತೆಗೆದು ಅವಳ ಕೈಯಲ್ಲಿಟ್ಟಳು. "ಚೆಫ್ ಕೊಟ್ರು. ದಾದಿಗಂತೆ."

ಡಬ್ಬಿ ಭಾರವಾಗಿತ್ತು. ಅರ್ಜೂ ಅದನ್ನು ಅಲ್ಲಾಡಿಸಲಿಲ್ಲ, ತೆರೆಯಲೂ ಇಲ್ಲ. ಒಳಗೇನೋ ಇದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಎದೆಗೆ ಅವುಚಿಕೊಂಡು ಅಡುಗೆಮನೆಗೆ ಹೋದಳು.

ದಾದಿ ಒಲೆಯ ಮುಂದೆ ನಿಂತಿದ್ದಳು. ಪಾತ್ರೆಯಲ್ಲಿ ದಾಲ್ಚಾ ಕುದಿಯುತ್ತಿತ್ತು. ಸಣ್ಣ ಬಾಣಲೆಯಲ್ಲಿ ಬೆಳ್ಳುಳ್ಳಿ ಚಟಪಟ ಎನ್ನುತ್ತಾ ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಘಾಟು ಎದ್ದಿತು. ಹೊರಗೆ ಅಬ್ಬಾ ಸೀನಿದರು.

ದಾದಿ ತಿರುಗದೆಯೇ ಕೇಳಿದಳು. "ಏನೇ ಎಕ್ಸ್‌ಪರ್ಟು, ಇವತ್ತು ಕೂಗಲ್ವಾ? ಸೀದಿಲ್ವಾ?"

ಅರ್ಜೂ ಬಾಣಲೆಯನ್ನೇ ನೋಡುತ್ತಿದ್ದಳು.

"ಇಲ್ಲ ದಾದಿ," ಎಂದಳು. "ಇನ್ನೂ ಸ್ವಲ್ಪ ಬಿಡು."